ಗೋಣಿಚೀಲ ಹಾಸದೆ ಉತ್ತರ ಕೊಟ್ಟ ದಿನ

ನಾನು ರಿಟೈರ್ ಆದಾಗ ನಂಗೆ ಮೂವತ್ತೊಂದು ವರ್ಷ. ಗುಂಡ್ಲುಪೇಟೆ ಊಟಿ ರೋಡಲ್ಲಿರೋ ಸಿದ್ರಾಜಣ್ಣನ ಗ್ಯಾರೇಜಲ್ಲಿ ಒಂಬತ್ತು ವರ್ಷ ಕಾರುಗಳ ಕೆಳಗೆ ಮಲಗಿದ್ದೀನಿ. ಅದರಲ್ಲಿ ಕೆಲಸ ಎಷ್ಟು, ನಿದ್ದೆ ಎಷ್ಟು ಅಂತ ಲೆಕ್ಕ ಕೇಳಬೇಡಿ. ಕೊನೆಕೊನೆಗೆ ಗ್ರೀಸು ಮುಟ್ಟಿದ್ರೆ ಸಾಕು, ಮೊಣಕೈವರೆಗೂ ಗುಳ್ಳೆ ಏಳೋದು. ಚಾಮರಾಜನಗರದ ಚರ್ಮದ ಡಾಕ್ಟ್ರು ನೋಡಿ, "ಚರ್ಮ ಬೇಕಾ, ಗ್ರೀಸ್ ಬೇಕಾ, ಒಂದು ಹೇಳಪ್ಪ" ಅಂದ್ರು. ಎರಡು ದಿನ ಟೈಮ್ ತಗೊಂಡು ಚರ್ಮ ಅಂದೆ. ಬೀಳ್ಕೊಡುಗೆ ಸಮಾರಂಭ ಅಂದ್ರೆ ಒಂದು ಪ್ಲೇಟ್ ಪರೋಟ. ಪಿಂಚಣಿ ಅಂದ್ರೆ ಉಗುರೊಳಗಿನ ಕಪ್ಪು, ಅದು ಇನ್ನೂ ಬರ್ತಾನೇ ಇದೆ. ಈಗ ಚಾಮರಾಜನಗರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಕೌಂಟರ್ ಹಿಂದೆ, ಪ್ಯಾಂಟಿಗೆ ಒಂದು ಕಲೆ ಇಲ್ದಂಗೆ, ಬ್ಯಾಂಕ್ ಮ್ಯಾನೇಜರ್ ಥರ ಕೂತಿರ್ತೀನಿ.

ಹೊಸದಾಗಿ ಗ್ಯಾರೇಜಿಗೆ ಸೇರಿದವರು ಸಾಮಾನು ತಗೊಳಕ್ಕೆ ಬಂದಾಗ "ಪರ್ಸಿ ಅಣ್ಣ, ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಅಂತ ಕೇಳ್ತಾರೆ. ಕೌಂಟರಲ್ಲಿ ನಿಂತು ಹೇಳಿ ಮುಗಿಯೋ ಮಾತಲ್ಲ ಅಂತ ಇದನ್ನ ಟೈಪ್ ಮಾಡ್ತಿದೀನಿ. ಬಾಯಲ್ಲಿ ಹೆಂಗೆ ಬರುತ್ತೋ ಹಂಗೇ.

ಮೊದಲು ಒಂದು ಸತ್ಯ ಹೇಳ್ಬಿಡ್ತೀನಿ. ಈ ಕೆಲಸದಲ್ಲಿ ಕಾರು ರಿಪೇರಿ ಸ್ವಲ್ಪ, ಪ್ರಶ್ನೆಗೆ ಉತ್ತರ ಕೊಡೋದೇ ಜಾಸ್ತಿ. ಬರೋರೆಲ್ಲ ಬಾಯಲ್ಲಿ ಸದ್ದು ಮಾಡಿ ತೋರಿಸ್ತಾರೆ. "ಕಟಕಟ ಅಂತದೆ." "ಇಲ್ಲ ಕಣ, ಕಟಕಟ ಅಲ್ಲ, ಕೊಟ್ ಕೊಟ್." ಗಂಡ ಒಂದು ಸದ್ದು, ಹೆಂಡ್ತಿ ಇನ್ನೊಂದು ಸದ್ದು, ಹಿಂದಿನ ಸೀಟಿಂದ ಅಜ್ಜಿ ಮೂರನೇದು. ನೀವು ಮೂರನ್ನೂ ಗಂಭೀರವಾಗಿ ಕೇಳ್ಬೇಕು. ನಗು ಬಂದ್ರೆ ಬಾನೆಟ್ ಎತ್ತಿ ಅದರ ಹಿಂದೆ ಹೋಗಿ ನಗಬೇಕು.

ನಾನು ಸೇರಿದಾಗ ನಂಗೆ ಎಲ್ಲಾ ಗೊತ್ತಿತ್ತು. ಉಡಿಗಾಲದ ನಮ್ಮನೆ ಜಗಲಿ ಮೇಲೆ ಕೂತು ಎರಡು ವರ್ಷ ಫೋನಲ್ಲಿ ರಿಪೇರಿ ವಿಡಿಯೋ ನೋಡಿದ್ದೆ. ಒಂದು ಸ್ಪ್ಯಾನರ್ ಹಿಡಿದಿರಲಿಲ್ಲ, ಆದ್ರೆ ಇಡೀ ಎಂಜಿನ್ ಬಿಚ್ಚಿ ಜೋಡಿಸೋದು ಬಾಯಿಪಾಠ. ಮೊದಲನೇ ದಿನ ತೆರಕಣಾಂಬಿಯ ಅರಿಶಿನ ವ್ಯಾಪಾರಿಯೊಬ್ರು ಬಂದು, "ಗಾಡಿ ಕೆಳ್ಗೆ ನೀರು ಸೋರ್ತಾ ಅದೆ ಕಣಪ್ಪ" ಅಂದ್ರು. ನಾನು ನಿಂತ ಜಾಗದಲ್ಲೇ ಶುರು ಮಾಡ್ದೆ. ವಾಟರ್ ಪಂಪ್ ಹೋಗಿರ್ಬೇಕು, ಇಲ್ಲಾ ರೇಡಿಯೇಟರ್ ಒಡೆದಿರ್ಬೇಕು, ಹೆಡ್ ಗ್ಯಾಸ್ಕೆಟ್ಟೂ ಹೋಗಿದ್ರೆ ಎಂಜಿನ್ ಇಳಿಸ್ಬೇಕು. ಪಾಪ ಅವರು ಅಲ್ಲೇ ಹಳೇ ಟೈರ್ ಮೇಲೆ ಕೂತ್ಕೊಂಡ್ರು.

ಸಿದ್ರಾಜಣ್ಣ ಗೋಣಿಚೀಲ ತಂದು ಕಾರಿನ ಪಕ್ಕ ಹಾಸಿದ್ರು. ಅಂಗಾತ ಮಲಗಿ ಒಳಗೆ ಹೋದ್ರು. ಆಚೆ ಬಂದು ಮೀಸೆ ಒರೆಸ್ಕೊಂಡು, "ಎ.ಸಿ. ನೀರು ಸಾಮಿ. ಬಿಸ್ಲಲ್ಲಿ ಎ.ಸಿ. ಹಾಕ್ಕಂಡು ಬಂದ್ರೆ ತೊಟ್ಟಿಕ್ತದೆ. ಬರೀ ನೀರು, ಬಣ್ಣ ಇಲ್ಲ, ಅಂಟಿಲ್ಲ. ಹಸಿರೋ ಕೆಂಪೋ ಬಣ್ಣದ್ದು ಸೋರಿದ್ರೆ ಮಾತ್ರ ಓಡಿ ಬನ್ನಿ" ಅಂದ್ರು. ವ್ಯಾಪಾರಿ ಎದ್ದು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಉರಿಯುತ್ತೆ.

ಅವರು ಹೋದ ಮೇಲೆ ಸಿದ್ರಾಜಣ್ಣ ಕೇಳಿದ್ರು, "ಯಾನ್ಲಾ, ನೆಟ್ಟಗಿರೋ ಎಂಜಿನ್ನ ಕುಯ್ಯಕ್ಕೆ ಹೊಂಟಿದ್ದಲ್ಲೋ. ಕೆಳಗೆ ನೋಡಿದ್ಯಾ?"

"ಇಲ್ಲ ಅಣ್ಣ."

"ಮತ್ತೆ? ಕೇಳ್ಕೋ. ಬೆನ್ನು ಗೋಣಿ ಮುಟ್ಟೋಗಂಟ ಬಾಯಿ ಬುಡಬ್ಯಾಡ."

ಗ್ಯಾರೇಜಿನ ಕಾನೂನು ಇದೊಂದೇ. ಗೋಣಿಗಳೆಲ್ಲ ಅರಿಶಿನ ಮಂಡಿಯಿಂದ ತಂದಿದ್ದು, ಅದ್ಕೇ ನಮ್ಮ ಬೆನ್ನೆಲ್ಲ ಯಾವಾಗ್ಲೂ ಹಳದಿ. ನಮ್ಮಮ್ಮ ಶರ್ಟ್ ಒಗೀತಾ, "ಗ್ಯಾರೇಜಿಗೆ ಹೋಯ್ತಿದ್ದೀಯೋ, ದಿನಾ ಮದ್ವೆ ಆಗಿ ಬತ್ತಿದ್ದೀಯೋ" ಅಂತಿದ್ಲು.

ಆಮೇಲೆ ನೋಡಿದ ಕೇಸುಗಳಿಗೆ ಲೆಕ್ಕ ಇಲ್ಲ. ಸಂತೆಮರಹಳ್ಳಿ ಕಡೆಯ ಒಬ್ರಿಗೆ ಎಂಜಿನ್ ಲೈಟು ಹತ್ಕೊಂಡು ಆರ್ತಾನೇ ಇರಲಿಲ್ಲ. ಅವರ ಹೆಂಡ್ತಿ ಅದರ ಮೇಲೆ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ರು. ನಾಲ್ಕು ತಿಂಗಳು ಹಂಗೇ ಓಡಿಸಿದ್ದಾರೆ. "ಈಗ ಏನ್ ತೊಂದ್ರೆ ಸಾ?" ಅಂದ್ರೆ, "ಪಕ್ಕದ್ದೂ ಒಂದು ಹತ್ಕೊಂಡದೆ, ಬೊಟ್ಟು ಖಾಲಿ" ಅಂದ್ರು. ಪಕ್ಕದ್ದು ಆಯಿಲ್ ಲೈಟು. ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡಿದ್ರೆ ತುದಿಯಲ್ಲಿ ಒಂದು ಹನಿ ಆಯಿಲ್ ಇಲ್ಲ. ಲೈಟು ಹಳದಿ ಇದ್ರೆ ಬೇಗ ಬನ್ನಿ, ಕೆಂಪಿದ್ರೆ ಬರಲೇಬೇಡಿ, ಅಲ್ಲೇ ನಿಲ್ಲಿಸಿ ನಮ್ಮನ್ನ ಕರೀರಿ ಅಂತ ಅವತ್ತಿಂದ ಬಂದೋರಿಗೆಲ್ಲ ಹೇಳಕ್ಕೆ ಶುರು ಮಾಡ್ದೆ.

ಊಟಿ ಇಳ್ಕೊಂಡು ಬರೋರದ್ದು ಇನ್ನೊಂದು ಜಾತಿ. ಪೆಟ್ರೋಲ್ ಉಳೀಲಿ ಅಂತ ಘಾಟಿ ಉದ್ದಕ್ಕೂ ನ್ಯೂಟ್ರಲ್ ಹಾಕಿ, ಬ್ರೇಕ್ ಮೇಲೇ ಕಾಲಿಟ್ಟು ಬಂದಿರ್ತಾರೆ. ಒಬ್ಬ ಮಲಯಾಳಿ ಇಳಿದವನೇ, "ಚೇಟ್ಟಾ, ಬ್ರೇಕ್ ಇಲ್ಲ" ಅಂದ. ಚಕ್ರದಿಂದ ಸುಟ್ಟ ವಾಸನೆ. ತಣ್ಣಗಾಗೋವರೆಗೂ ಕೂರಿಸಿ ಎಳನೀರು ಕುಡಿಸಿ, ಹತ್ತಕ್ಕೆ ಯಾವ ಗೇರೋ ಇಳಿಯಕ್ಕೂ ಅದೇ ಗೇರು ಅಂತ ಕೈಸನ್ನೆಯಲ್ಲಿ ಪಾಠ ಮಾಡ್ದೆ.

ಇಂಥವು ನೂರಾರು ನೋಡಿ ನೋಡಿ ನಂಗೆ ಮೂಗಿನ ಮೇಲೆ ಜಂಬ ಬಂತು. ಸಿಹಿ ವಾಸನೆ ಬಂದ್ರೆ ರೇಡಿಯೇಟರಿನ ಕೂಲಂಟು. ಸುಟ್ಟ ರಬ್ಬರ್ ಬಂದ್ರೆ ಬೆಲ್ಟು. ಸುಟ್ಟ ಕಾಗದದ ಥರ ಬಂದ್ರೆ ಕ್ಲಚ್ಚು. ಗಾಡಿ ಗೇಟೊಳಗೆ ಬರೋ ಮೊದಲೇ ಕಾಯಿಲೆ ಹೇಳ್ತಿದ್ದೆ. ಹತ್ತಕ್ಕೆ ಎಂಟು ಸರಿಯಾಗೇ ಇರೋದು. ಈ ಎಂಟೇ ನನ್ನ ಹಾಳು ಮಾಡಿದ್ದು.

ಈಗ ಶಶಿಕಲಾ ಮಿಸ್ ವಿಷಯಕ್ಕೆ ಬರ್ತೀನಿ.

ಮಿಸ್ಸು ಗುಂಡ್ಲುಪೇಟೆಯವರು. ತೆರಕಣಾಂಬಿ ದಾಟಿ ಒಳಗಿರೋ ಒಂದು ಹಳ್ಳಿ ಸ್ಕೂಲಲ್ಲಿ ಟೀಚರ್. ಆ ಊರಿಗೆ ಬೆಳಿಗ್ಗೆ ಒಂದು ಬಸ್ಸು, ಸಾಯಂಕಾಲ ಒಂದು ಬಸ್ಸು. ಮನೇಲಿ ಒಂದೂವರೆ ವರ್ಷದ ಮಗಳು. ಬಸ್ಸಲ್ಲಿ ಹೋದ್ರೆ ಮಗು ಏಳೋ ಮೊದಲೇ ಮನೆ ಬಿಡಬೇಕು, ಮಲಗಿದ ಮೇಲೆ ಮನೆ ಸೇರಬೇಕು. "ವಾರದಲ್ಲಿ ಆರು ದಿನ ನನ್ ಮಗಳನ್ನ ಕಣ್ಣು ಮುಚ್ಚಿರೋದೇ ನೋಡ್ತಿದ್ದೆ ಪರ್ಸಿ" ಅಂತ ಒಂದ್ಸಲ ಹೇಳಿದ್ರು. ಅದಕ್ಕೇ ಬೂದಿ ಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಗೊಂಡು, ಮೂವತ್ತೆಂಟನೇ ವಯಸ್ಸಲ್ಲಿ ಡ್ರೈವಿಂಗ್ ಕಲಿತ್ರು.

ಅವರಷ್ಟು ಪ್ರಶ್ನೆ ಕೇಳಿದ ಗಿರಾಕಿ ಇನ್ನೊಬ್ಬರಿಲ್ಲ. ಪ್ರತಿ ಶನಿವಾರ ನೋಟ್‌ಬುಕ್ ತಗೊಂಡು ಬರೋರು.

"ಪರ್ಸಿ, ಟೈರ್ ಗಾಳಿ ಮೂವತ್ಮೂರು ಅಂತೀಯ. ನಮ್ಮಲ್ಲಿ ಮೂವತ್ತೈದಕ್ಕೇ ಪಾಸು."

"ಮಿಸ್, ಟೈರು ಜಸ್ಟ್ ಫೇಲಾಗಿರಲಿ. ಪಾಸಾದ್ರೆ ಗುಂಡಿಗೆ ಬಿದ್ದಾಗ ಎಗರುತ್ತೆ."

"ಆಯಿಲ್ ಕಪ್ಪಾಗಿದೆ. ಕೆಟ್ಟೋಗಿದೆಯಾ?"

"ಕೆಲಸ ಮಾಡಿದೆ ಅಂತ ಅರ್ಥ ಮಿಸ್. ನನ್ನ ಕೈ ನೋಡಿ."

ಅವರು ಇದನ್ನೂ ಬರ್ಕೊಳ್ಳೋರು.

ಅವರ ಮಾವ ಬಸಪ್ಪನವರು. ಇಪ್ಪತ್ತೆಂಟು ವರ್ಷ ಬಸ್ ಓಡಿಸಿ ನನ್ನ ಥರ ಅಲ್ಲದೆ ನೆಟ್ಟಗೆ ರಿಟೈರ್ ಆದೋರು. ಸೊಸೆ ಕಾರು ಓಡಿಸೋದು ಅವರಿಗೆ ಸುತರಾಂ ಇಷ್ಟ ಇಲ್ಲ. ಒಂದಿನ ರಾತ್ರಿ ಮಗುವಿನ ಕಾಲುಚೀಲ ಹುಡುಕಕ್ಕೆ ಅಂತ ಒಳಗಿನ ಲೈಟ್ ಹಾಕಿ ಮಿಸ್ಸು ಮರೆತುಬಿಟ್ರು. ಬೆಳಿಗ್ಗೆ ಬ್ಯಾಟರಿ ಸತ್ತಿತ್ತು, ಸ್ಕೂಲಿಗೆ ಲೇಟಾಯ್ತು. ನಾನು ಹೋಗಿ ಇನ್ನೊಂದು ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡ್ತಿದ್ದಾಗ, ಬಸಪ್ಪನವರು ಜಗಲಿ ಮೇಲೆ ನಿಂತು ಎಲ್ರಿಗೂ ಕೇಳೋ ಹಂಗೆ ಹೇಳಿದ್ರು, "ಇನ್ನೊಂದ್ಸಲ ಈ ಗಾಡಿ ಇವಳ ಕೈಲಿ ಕೆಟ್ಟು ನಿಂತ್ರೆ ಮಾರಿಬುಡದೇ. ಬಸ್ಸದೆ, ಬಸ್ಸಲ್ಲಿ ಹೋಗ್ಲಿ."

ಮಿಸ್ಸು ನನ್ನ ಹತ್ರ ಬಂದು ಮೆಲ್ಲಗೆ, "ಇದು ನಿಲ್ಲದಂಗೆ ನೋಡ್ಕೋಬೇಕು ಪರ್ಸಿ. ಏನೇ ಸಣ್ಣದಾದ್ರೂ ನಿಂಗೆ ಫೋನ್ ಮಾಡ್ತೀನಿ" ಅಂದ್ರು.

"ಮಾಡಿ ಮಿಸ್, ನಾನಿದ್ದೀನಲ್ಲ" ಅಂದೆ.

ಆಗ ಹುರುಳಿ ಕೊಯ್ಲು. ನಮ್ಮ ಕಡೆ ಹುರುಳಿ ಒಕ್ಕಣೆಗೆ ಯಾರೂ ಕಣ ಮಾಡಲ್ಲ, ಟಾರು ರೋಡೇ ಕಣ. ಕಿತ್ತ ಹುರುಳಿ ಗಿಡಾನ ರೋಡಿಗೆ ಹರಡ್ತಾರೆ, ಲಾರಿ ಬಸ್ಸು ಕಾರು ಎಲ್ಲಾ ಅದರ ಮೇಲೆ ಓಡಿ ಕಾಳು ಉದುರಿಸ್ಕೊಡ್ತವೆ. ಹೊರಗಿನವರು ಕಾರು ನಿಲ್ಸಿ ಫೋಟೋ ಹೊಡ್ಕೊತಾರೆ. ನಮಗೆ ಅದು ಕಾಣೋದೂ ಇಲ್ಲ. "ದಾರೀಲಿ ಏನಾದ್ರೂ ಸಿಕ್ತಾ?" ಅಂದ್ರೆ "ಏನೂ ಇಲ್ಲ" ಅಂತೀವಿ. ಅರ್ಧ ಅಡಿ ಹುರುಳಿ ಮೇಲೆ ಬಂದಿರ್ತೀವಿ.

ಅವತ್ತು ನಾಲ್ಕೂವರೆ ಹೊತ್ತಿಗೆ ಫೋನ್ ಬಂತು. ನಾನು ಟೀ ಕುಡೀತಿದ್ದೆ. ಸಿದ್ರಾಜಣ್ಣ ಒಂದು ಜೀಪಿನ ಕೆಳಗಿದ್ರು.

"ಪರ್ಸಿ, ಸುಟ್ಟ ವಾಸನೆ ಬರ್ತಿದೆ. ತೆರಕಣಾಂಬಿ ದಾಟಿ ಬಂದೆ, ಗಾಡಿ ನಿಲ್ಸಿದೀನಿ."

"ಎಂಥ ವಾಸನೆ ಮಿಸ್? ರಬ್ಬರ್ ಥರಾನಾ, ಕಾಗದದ ಥರಾನಾ?"

"ಕಾಗದ ಅನ್ನು. ಕೆಳಗೆ ಸರಸರ ಅಂತ ಸದ್ದೂ ಬರ್ತಿತ್ತು. ಬಗ್ಗಿ ನೋಡ್ದೆ, ಏನೂ ಕಾಣ್ಲಿಲ್ಲ."

"ಕ್ಲಚ್ ಮಿಸ್. ನೀವು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದ್ದೀರ. ಕಾಲು ತೆಗೀರಿ, ಹೋಗುತ್ತೆ."

"ಸರಸರ ಅಂತ ಸದ್ದು?"

"ಅದೆಲ್ಲ ಏನಿಲ್ಲ. ಏನೂ ಆಗಲ್ಲ, ನಿಧಾನಕ್ಕೆ ಇಲ್ಲಿಗೇ ಬನ್ನಿ."

"ಇಲ್ಲೇ ನಿಲ್ಸಿರೋದು ವಾಸಿ ಅನ್ಸುತ್ತೆ ಪರ್ಸಿ."

"ನಿಲ್ಸಿ ನಿಂತ್ರೆ ನಿಮ್ಮ ಮಾವನಿಗೆ ಗೊತ್ತಾಗಲ್ವಾ ಮಿಸ್? ಬನ್ನಿ ಬನ್ನಿ."

ಈ ಕೊನೇ ಮಾತಿದೆಯಲ್ಲ, ಅದನ್ನ ವಾಪಸ್ ನುಂಗಕ್ಕೆ ಆಗಿದ್ರೆ ನುಂಗ್ತಿದ್ದೆ. ಟೀ ಲೋಟ ಕೂಡ ಕೆಳಗಿಡದೆ ಹೇಳಿದ್ದು.

ಮುಕ್ಕಾಲು ಗಂಟೆ ಆದ್ರೂ ಕಾರು ಬರಲಿಲ್ಲ. ಬಂದಿದ್ದು ಟ್ರಾಕ್ಟರ್. ಹಿಂದೆ ಹಗ್ಗದಲ್ಲಿ ಬೂದಿ ಬಣ್ಣದ ಕಾರು, ಮುಂದಿನ ಎಡಗಡೆ ಚಕ್ರದ ಸುತ್ತ ಮಸಿ. ಟ್ರಾಕ್ಟರಿನವನು ಇಳಿದು ಹೇಳಿದ. ಎರಡು ಕಿಲೋಮೀಟರ್ ಬಂದಿರ್ಬೇಕು, ಅಷ್ಟರಲ್ಲಿ ಕೆಳಗಿಂದ ಹೊಗೆ ಎದ್ದು ಬೆಂಕಿ ಕಾಣಿಸ್ತಂತೆ. ಮಿಸ್ಸು ಇಳಿದು ಓಡಿದಾರೆ. ರೋಡಲ್ಲಿ ಹುರುಳಿ ತಿರುವ್ತಿದ್ದ ಹೆಂಗಸರು ಕುಡಿಯೋಕೆ ತಂದಿದ್ದ ನೀರು ಸುರಿದು, ಪಕ್ಕದ ಹೊಲದ ಮಣ್ಣು ಎರಚಿ ಆರಿಸಿದಾರೆ. ಸ್ಟೀರಿಂಗ್ ಹಿಡಿದು ಕೂತಿದ್ದ ಮಿಸ್ಸು ಕಾರಿಂದ ಇಳಿದ್ರು. ಸೀರೆ ಅಂಚೆಲ್ಲ ಕೆಸರು. ನೋಟ್‌ಬುಕ್ಕು ಕೈಯಲ್ಲೇ ಇತ್ತು. ಅವರಿಗೇನೂ ಆಗಿರಲಿಲ್ಲ.

ಸಿದ್ರಾಜಣ್ಣ ಗೋಣಿ ಹಾಸಿ, ಕುಡುಗೋಲು ತಗೊಂಡು ಒಳಗೆ ಹೋದ್ರು. ಅಷ್ಟೊತ್ತಿಗೆ ಬಸಪ್ಪನವರ ಮೊಪೆಡ್ಡೂ ಬಂತು. ಊರಲ್ಲಿ ಸುದ್ದಿ ಹೋಗೋ ಸ್ಪೀಡಿಗೆ ಯಾವ ಎಂಜಿನ್ನೂ ಸಮ ಇಲ್ಲ.

"ನೋಡ್ದಾ ಸಿದ್ರಾಜ?" ಅಂದ್ರು. "ಹ್ಯಾಂಡ್ ಬ್ರೇಕ್ ಇಳಿಸ್ದೆ ಓಡಿಸವ್ಳೆ. ಮುಗೀತು. ನಾಳೆನೇ ಯಾರಾದ್ರೂ ಗಿರಾಕಿ ನೋಡು."

ಕಾರಿನ ಕೆಳಗಿಂದ ಒಂದು ಕೈ ಆಚೆ ಬಂತು. ಕೈತುಂಬ ಕರಿಕಲಾದ ಹುರುಳಿ ಬಳ್ಳಿ. ಇನ್ನೊಂದು ಹಿಡಿ. ಮತ್ತೊಂದು. ಹಗ್ಗದ ಥರ ಹೊಸೆದುಕೊಂಡಿತ್ತು. ಸಿದ್ರಾಜಣ್ಣನ ಧ್ವನಿ ಒಳಗಿಂದ ಬಂತು, "ಹ್ಯಾಂಡ್ ಬ್ರೇಕ್ ನೆಟ್ಟಗದೆ ಬಸಪ್ಪಣ್ಣ. ಹುರುಳಿ ಇದು. ಚಕ್ರ ತಿರುಗ್ಸೋ ರಾಡಿಗೆ ಸುತ್ಕಂಡು, ಉಜ್ಜಿ ಉಜ್ಜಿ ಹತ್ಕಂಡದೆ. ರಾಡಿನ ತುದೀಲಿ ಗ್ರೀಸ್ ಮುಚ್ಚೋ ರಬ್ಬರ್ ಬೂಟು, ಬ್ರೇಕ್ ಪೈಪು ಸುಟ್ಟೋಗವೆ. ಪೆಟ್ರೋಲ್ ಪೈಪಿಗೆ ತಗುಲಿಲ್ಲ, ಪುಣ್ಯ."

"ಹುರುಳಿನೋ ಅವರೆನೋ," ಅಂದ್ರು ಬಸಪ್ಪನವರು. "ಹೊಗೆ ಏಳೋಗಂಟ ಓಡಿಸವ್ಳಲ್ಲ, ಮೂಗಿಲ್ವಾ ಇವ್ಳಿಗೆ? ವಾಸನೆ ಬಂದ್ರೆ ನಿಲ್ಲಿಸ್ಬೇಕು ಅನ್ನೋ ಬುದ್ಧಿ ಇಲ್ಲದೋಳಿಗೆ ಗಾಡಿ ಯಾಕೆ?"

ಮಿಸ್ಸು ನನ್ನ ಕಡೆ ಒಂದ್ಸಲ ನೋಡಿದ್ರು. ಆಮೇಲೆ ನೆಲ ನೋಡಿದ್ರು. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಂತ ಸುಮ್ನಿದ್ದಾರೆ ಅನ್ನೋದು ನಂಗೆ ಗೊತ್ತಾಯ್ತು. ಸುಳ್ಳು ಹೇಳಲ್ಲ, ನಾನೂ ಒಂದು ನಟ್ಟು ಕೈಯಲ್ಲಿ ತಿರುಗಿಸ್ತಾ, ಇದು ತಾನಾಗೇ ಹೋಗುತ್ತೇನೋ ಅಂತ ಕಾಯ್ತಿದ್ದೆ. ಅವರು ನೋಟ್‌ಬುಕ್ಕನ್ನ ಬ್ಯಾಗೊಳಗೆ ಹಾಕಿ ಜಿಪ್ಪೆಳೆದ್ರು. ಆ ಜಿಪ್ಪಿನ ಸದ್ದು ತಡ್ಕೊಳಕ್ಕೆ ಆಗಲಿಲ್ಲ.

"ನಿಲ್ಸಿದ್ರು ಸಾ," ಅಂದೆ.

"ಯಾರು?"

"ಮಿಸ್ಸು. ವಾಸನೆ ಬಂದ ತಕ್ಷಣ ನಿಲ್ಸಿ, ಇಳಿದು ನೋಡಿ, ನಂಗೆ ಫೋನ್ ಮಾಡಿದ್ರು. ನಾನೇ ಏನೂ ಆಗಲ್ಲ ಬನ್ನಿ ಅಂದೆ. ಅಲ್ಲೇ ನಿಲ್ಸಿರೋದು ವಾಸಿ ಅಂತಾನೂ ಅಂದ್ರು. ನಾನೇ ಬೇಡ ಅಂದೆ."

ಕಾರಿನ ಕೆಳಗೆ ಕುಡುಗೋಲಿನ ಸದ್ದು ನಿಂತಿತು. ಸಿದ್ರಾಜಣ್ಣ ತೆವಳಿಕೊಂಡು ಆಚೆ ಬಂದು ಗೋಣಿ ಮೇಲೆ ಎದ್ದು ಕೂತ್ರು.

"ಏನಂತ ಹೇಳ್ದೆ ಅವರಿಗೆ?"

"ಕ್ಲಚ್ ವಾಸನೆ ಅಂತ."

"ಓಹೋ. ನಿನ್ನ ಫೋನಲ್ಲಿ ವಾಸನೆನೂ ಬತ್ತದೇನ್ಲಾ?"

ಟ್ರಾಕ್ಟರಿನವನು ನಕ್ಕ. ಬೇರೆ ಯಾರೂ ನಗಲಿಲ್ಲ. ಬಸಪ್ಪನವರು ಸೊಸೆ ಕಡೆ ತಿರುಗಿದ್ರು.

"ನಿಲ್ಸಿದ್ದಾ ನೀನು?"

"ನಿಲ್ಸಿದ್ದೆ ಮಾವ."

"ಇಳಿದು ನೋಡ್ದಾ?"

"ಬಗ್ಗಿ ನೋಡ್ದೆ. ಚಕ್ರದ ಒಳಗಡೆ ಕಾಣ್ಲಿಲ್ಲ."

ಬಸಪ್ಪನವರು ಹಳೇ ಟೈರ್ ಮೇಲೆ ಕೂತು ಆ ಹುರುಳಿ ಬಳ್ಳಿನೇ ನೋಡಿದ್ರು. ಒಂದು ಎಳೆ ತಗೊಂಡು ಮುರಿದ್ರು. ಕರುಂ ಅಂತು.

"ಇಪ್ಪತ್ತೆಂಟು ವರ್ಷ ಬಸ್ ಓಡಿಸ್ದೆ ಸಿದ್ರಾಜ," ಅಂದ್ರು. "ಹುರುಳಿ ಕಾಲದಲ್ಲಿ ಇಂಥ ವಾಸನೆ ಎಷ್ಟ್ ಸಲ ಬಂದದೆ. ನಿಲ್ಸಿ ಇಳಿದು ನೋಡಿರೋದು ಎರಡೇ ಸಲ. ಟೈಮಿಗೆ ಹೋಗ್ಬೇಕಲ್ಲ. ಬಾಕಿ ಸಲ ಎಲ್ಲ ಕಂಡಕ್ಟರಿಗೆ ಕಿಟಕಿ ತೆಗಿ ಅಂದಿದೀನಿ."

ಎದ್ದು ಪಂಚೆ ಕೊಡವಿದ್ರು. "ಗಾಡಿ ರಿಪೇರಿ ಮಾಡು. ಇಟ್ಕಳ್ಳಿ. ಈ ಮೂಗಿನ ಡಾಕ್ಟ್ರನ್ನ ಮಾತ್ರ ಫೋನಲ್ಲಿ ಏನೂ ಕೇಳಬ್ಯಾಡ ಕಣಮ್ಮ." ಅಷ್ಟು ಹೇಳಿ ಮೊಪೆಡ್ ಹತ್ತಿದ್ರು. ಸ್ವಲ್ಪ ದೂರ ಹೋಗಿ ತಿರುಗಿ ಬಂದು, "ಹತ್ತು ಮತ್ತೆ. ಮಗು ಕಾಯ್ತಾ ಅದೆ" ಅಂತ ಸೊಸೇನ ಕೂರಿಸ್ಕೊಂಡು ಹೋದ್ರು.

ಸಿದ್ರಾಜಣ್ಣ ನನ್ನ ಕೆಲಸದಿಂದ ತೆಗೀಲಿಲ್ಲ. ಬೈಯಲೂ ಇಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಕುಡುಗೋಲು ನನ್ನ ಕೈಗೆ ಕೊಟ್ಟು, "ಹುರುಳಿ ಮುಗಿಯೋಗಂಟ ಗೇಟೊಳಗೆ ಬರೋ ಪ್ರತಿ ಗಾಡಿ ಕೆಳಗೂ ನೀನೇ ಹೋಗ್ಬೇಕು. ಗಾಳಿ ಹೊಡ್ಸಕ್ಕೆ ಬಂದಿದ್ರೂ ಸರಿ" ಅಂದ್ರು. ಹೋದೆ. ಅಷ್ಟೂ ದಿನ ಎಷ್ಟು ಕಾರಿನ ಹೊಟ್ಟೆಯಿಂದ ಎಷ್ಟು ಬಳ್ಳಿ ಕುಯ್ದೆ ಅಂದ್ರೆ, ಸಿದ್ರಾಜಣ್ಣನ ಎಮ್ಮೆಗೆ ಮೇವಿನ ಚಿಂತೆ ಇರಲಿಲ್ಲ. ಕಾರುಗಳ ಬಗ್ಗೆ ಎರಡು ವರ್ಷದ ವಿಡಿಯೋದಲ್ಲಿ ಕಲಿಯದೇ ಇದ್ದಿದ್ದನ್ನ ಆ ಒಂದು ಸುಗ್ಗೀಲಿ ಕಲಿತೆ. ಯಾವ ಗಾಡಿಯ ಸೈಲೆನ್ಸರ್ ಎಷ್ಟು ಕೆಳಗಿದೆ, ಯಾವುದರ ಬೂಟು ಬೇಗ ಹರಿಯುತ್ತೆ, ಎಲ್ಲಾ ಬೆನ್ನಿಗೆ ಗೊತ್ತಾಯ್ತು.

ಆಮೇಲೆ ನನ್ನ ಫೋನಿನ ಉತ್ತರಗಳೂ ಬದಲಾದವು. ವಾಸನೆ ಅಂದ್ರೆ "ಎಂಜಿನ್ ಆಫ್ ಮಾಡಿ, ಇಳೀರಿ, ದೂರ ನಿಂತ್ಕೊಳಿ, ಯಾವ ರೋಡು ಹೇಳಿ, ಹುರುಳಿ ಮೇಲೆ ಬಂದ್ರಾ?" ಇಷ್ಟೇ. ಬೈಕ್ ಹತ್ತಿ ನಾನೇ ಹೋಗ್ತಿದ್ದೆ. ಹತ್ತಕ್ಕೆ ಎಂಟು ಸಲ ಏನೂ ಇರ್ತಿರಲಿಲ್ಲ. ಗಿರಾಕಿಗಳು "ಇದಕ್ಕಾ ಇಷ್ಟು ದೂರ ಬಂದೆ" ಅಂತ ನಗೋರು. ನಾನೂ ನಗ್ತಿದ್ದೆ, ಗೋಣಿ ಮಡಚಿ ವಾಪಸ್ ಬರ್ತಿದ್ದೆ.

ಬೂದಿ ಕಾರು ರಿಪೇರಿ ಆಗಿ ಹೋಗೋ ದಿನ ಸಿದ್ರಾಜಣ್ಣ ಅದರ ಡಿಕ್ಕೀಲಿ ಒಂದು ಗೋಣಿಚೀಲ ಮಡಚಿ ಇಟ್ಟಿದ್ರು. ಮಿಸ್ಸು "ಇದೇನು?" ಅಂದ್ರು. "ಸ್ಟೆಪ್ನಿ ಇದ್ದಂಗೆ, ಇಟ್ಕಳಿ" ಅಂದ್ರು.

ಹೋದ ತಿಂಗಳು ಅಂಗಡೀಲಿ ಕೂತಿದ್ದಾಗ ಫೋನ್ ಬಂತು. ಶಶಿಕಲಾ ಮಿಸ್. ಎಷ್ಟೋ ದಿನ ಆಗಿತ್ತು. ಮಗಳು ಈಗ ಅವರ ಜೊತೇಲೇ ಅದೇ ಕಾರಲ್ಲಿ ಅದೇ ಸ್ಕೂಲಿಗೆ ಹೋಗ್ತಾಳೆ.

"ಪರ್ಸಿ, ತಿರುಗಿಸುವಾಗ ಮುಂದೆ ಟಕಟಕ ಅಂತಿತ್ತು."

ಉತ್ತರ ನಾಲಿಗೆ ತುದಿಗೆ ಬಂದು ನಿಂತಿತು. ಹಲ್ಲು ಕಚ್ಕೊಂಡೆ. "ಮಿಸ್, ಯಾರಾದ್ರೂ ಕೆಳಗೆ ಹೋಗಿ ನೋಡಿ..."

"ನಿನ್ನ ಕೇಳ್ತಿಲ್ಲ, ಹೇಳ್ತಿದೀನಿ. ಬಲಗಡೆ ರಬ್ಬರ್ ಬೂಟು ಹರಿದು ಗ್ರೀಸೆಲ್ಲ ಚೆಲ್ಲಿದೆ. ಒಂದು ಬೂಟು ಎತ್ತಿಡು, ನಾಳೆ ಬರ್ತೀನಿ."

"ಯಾರು ನೋಡಿದ್ದು ಮಿಸ್?"

"ಯಾರು ನೋಡ್ಬೇಕು? ಕೆಳಗಿದೀನಿ."

"ಬರೀ ಜ್ಯಾಕ್ ಮೇಲೆ ನಿಲ್ಸಿ ಹೋಗಿಲ್ಲ ತಾನೆ?"

"ಚಕ್ರದ ಮೇಲೇ ನಿಂತಿದೆ, ತಲೆ ಮಾತ್ರ ಒಳಗಿರೋದು. ಸಿದ್ರಾಜಣ್ಣಂಗೆ ಹೇಳು, ನನ್ನ ಬೆನ್ನೂ ಹಳದಿ ಆಯ್ತು ಅಂತ."

ಹಿಂದಿನಿಂದ ಬಸಪ್ಪನವರ ಧ್ವನಿ ಕೇಳಿಸ್ತು. "ಟಾರ್ಚು ಇಲ್ಲಿಗೆ ಬುಡ್ಲಾ, ಇನ್ನೂ ಒಳಗಡೆಗೆ ಬುಡ್ಲೇನಮ್ಮ?"

ಹೇಳಕ್ಕೆ ನನ್ನ ಹತ್ರ ಬೇಕಾದಷ್ಟು ಮಾತಿತ್ತು. ಯಾವ ಗ್ರೀಸು, ಎಷ್ಟು ತುಂಬಬೇಕು, ಕ್ಲಿಪ್ ಹೆಂಗೆ ಬಿಗಿಯಬೇಕು. ಫೋನ್ ಕಿವಿಗಿಟ್ಕೊಂಡೇ ರ‍್ಯಾಕಿಂದ ಬೂಟು ತೆಗೆದು, ಕವರ್ ಮೇಲೆ ಮಿಸ್ಸಿನ ಹೆಸರು ಬರೆದು ಎತ್ತಿಟ್ಟೆ.